ಜೇನಿಗೂ ಒಂದು ಪರೀಕ್ಷೆ

ಜೇನಿಗೂ ರೋಗವುಂಟೆಂಬುದನ್ನು ಬಲ್ಲವರು ವಿರಳ. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ಕರ್ನಾಟಕದ ಎಷ್ಟೋ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿತು. ಆದುದರಿಂದಲೇ, ಇಂಡಿಯ ನಿಂಬೆ ತೋಟದಿಂದ ನನ್ನ ವಿದ್ಯಾರ್ಥಿಗಳು ಮರಿಗಳು ಸತ್ತಿದ್ದ ಕೋಲುಜೇನಿನ ಹುಟ್ಟೊಂದನ್ನು ತಂದಾಗ ನನ್ನೆದೆ ಝಲ್ಲೆಂದಿತು. ನಿಂಬೆಯ ಹೂ ಕಾಯಿ ಕಟ್ಟಲು, ಸಿಂದಗಿಯ ಸೂರ್ಯಕಾಂತಿ ಕಾಳು ತುಂಬಲು ಈ ಕಾಡುಜೇನುಗಳ ನೆರವು ಬೇಕಲ್ಲವೆ?

ಸತ್ತ ಮರಿಗೆ ಬೆಂಕಿಕಡ್ಡಿ ಚುಚ್ಚಿ ಎಳೆದೆವು. ಅಮೆರಿಕನ್ ಫೌಲ್‌ಬ್ರೂಡ್ ಆಗಿದ್ದರೆ ಅಂಟು ನೂಲಿನಂತೆ ಬರಬೇಕು, ಬರಲಿಲ್ಲ. 1884ರಲ್ಲಿ ಗ್ರಾಮ್ ಪ್ರಕಟಿಸಿದ ಬಣ್ಣದ ಪರೀಕ್ಷೆಯನ್ನೂ ಮಾಡಿದೆವು. ಯುರೋಪಿಯನ್ ಫೌಲ್‌ಬ್ರೂಡಿನ ಬ್ಯಾಕ್ಟೀರಿಯವಿದ್ದರೆ ನೇರಿಳೆ ಬಣ್ಣದ ಕಣಗಳು ಸರಪಳಿಯಂತೆ ತೋರಬೇಕು; ತೋರಲಿಲ್ಲ.

ಹುಡುಗರು ಹಿಗ್ಗಿದರು. ಒಂದು ಹುಟ್ಟಿನ ಸಾಕ್ಷ್ಯ ಇಡೀ ತೋಟದ ಸಾಕ್ಷ್ಯವಲ್ಲವೆಂದೆ. ರೋಗವಲ್ಲದಿದ್ದರೆ ಕೊಂದುದೇನು? ವಿಚಾರಿಸಲು, ಹೂವಿನ ಕಾಲದಲ್ಲೇ ತೋಟಕ್ಕೆ ಔಷಧಿ ಹೊಡೆದಿದ್ದರೆಂದು ತಿಳಿಯಿತು. ಸೂಕ್ಷ್ಮದರ್ಶಕಕ್ಕೆ ವಿಷ ಕಾಣಿಸದು. ಅದನ್ನು ಹುಡುಕುವ ಪರೀಕ್ಷೆಯೇ ಬೇರೆ.