ಹಾಡು ಕೇಳ್ತೀರಿ ಸರಿ, ಬೇಸ್ ಕೇಳಿದ್ದೀರಾ?

ಒಂದು ಹಾಡು ಹಿಟ್ ಆದರೆ ಹೆಸರು ಯಾರಿಗೆ? ತೆರೆಯ ಮೇಲೆ ತುಟಿ ಆಡಿಸಿದ ನಾಯಕನಿಗೆ. ಆಮೇಲೆ ಹಾಡಿದವರಿಗೆ, ಬರೆದವರಿಗೆ, ಸಂಗೀತ ನಿರ್ದೇಶಕರಿಗೆ. ಅಲ್ಲಿಗೆ ಪಟ್ಟಿ ಮುಗೀತು! ಆ ಹಾಡನ್ನು ಕೆಳಗಿನಿಂದ ಹೊತ್ತು ನಿಂತ ಬೇಸ್ ಗಿಟಾರಿನವನಿಗೆ ಪೋಸ್ಟರಿನಲ್ಲೂ ಜಾಗ ಇಲ್ಲ, ಕ್ಯಾಸೆಟ್ಟಿನ ಕವರಿನಲ್ಲೂ ಇರುತ್ತಿರಲಿಲ್ಲ. ಆದರೆ ಅವನ ಬೆರಳು ಯಾವ ತಂತಿಯ ಮೇಲೆ ಎಲ್ಲಿತ್ತು ಅನ್ನೋದನ್ನು ನಾನು ಹೇಳಬಲ್ಲೆ. ಹೇಗೆ ಅಂತೀರಾ? ಅದೇ ನನ್ನ ಹೊಟ್ಟೆಪಾಡು ಸ್ವಾಮಿ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಊರು ಬೀರೂರು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ಹಳಿಯಿಂದ ಶಿವಮೊಗ್ಗದ ಹಳಿ ಕವಲೊಡೆಯುವ ಜಂಕ್ಷನ್. ಹಗಲು ಪತ್ರಿಕೆಗಳಿಗೆ ಬರೆಯುತ್ತೇನೆ. ರಾತ್ರಿ ಗಣಪತಿ ಪೆಂಡಾಲು, ರಾಜ್ಯೋತ್ಸವದ ವೇದಿಕೆಗಳಲ್ಲಿ ಆರ್ಕೆಸ್ಟ್ರಾಕ್ಕೆ ಗಿಟಾರ್ ಬಾರಿಸುತ್ತೇನೆ. ಬರೆದದ್ದಕ್ಕೆ ದುಡ್ಡು ಬರೋದು ತಿಂಗಳುಗಟ್ಟಲೆ ತಡ. ಬಾರಿಸಿದ್ದಕ್ಕೆ ಅವತ್ತೇ ಕೈಗೆ!

ಬುಧವಾರ ಹಾಡಿನ ಪಟ್ಟಿ ಬರುತ್ತೆ, ಶನಿವಾರ ಕಾರ್ಯಕ್ರಮ. ಅದರಲ್ಲಿ ನಾಲ್ಕು ಹಾಡು ಹಿಂದೆಂದೂ ನುಡಿಸಿರೋದಿಲ್ಲ. ಪುಸ್ತಕ ಇಲ್ಲ, ನೊಟೇಶನ್ ಇಲ್ಲ. ರೆಕಾರ್ಡು ಕೇಳಿ ಕಾರ್ಡ್ ಹುಡುಕಬೇಕು. ಈ ವಿದ್ಯೆ ಹೇಳಿಕೊಟ್ಟವರು ನಮ್ಮ ತಂಡದ ಕೀಬೋರ್ಡ್ ಅಣ್ಣ. ಅರವತ್ತು ದಾಟಿದ ಆಸಾಮಿ, ಕ್ಯಾಸೆಟ್ ಕಾಲದವರು.

‘ಮೊದ್ಲು ಹಾಡೋರ್ನ ಮರ್ತುಬಿಡೋ. ಕೆಳಗೆ ಕೇಳು’ ಅನ್ನೋದು ಅವರ ಮೊದಲ ಪಾಠ.

ಕೆಳಗೆ ಅಂದರೆ ಬೇಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಷ್ಟು ಕೆಳಗಿನ ನಾದ ಮೊಬೈಲಿನ ಪುಟಾಣಿ ಸ್ಪೀಕರಿನಿಂದ ಹೊರಡೋದಿಲ್ಲ, ಇಯರ್‌ಫೋನ್ ಬೇಕು. ಅಣ್ಣನ ಕಾಲದ ಉಪಾಯ ಇನ್ನೂ ಮಜಾ: ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸೋದು! ಗಾಯಕ ಇಲಿಮರಿ ಥರ ಕಿರುಚುತ್ತಾನೆ ನಿಜ, ಆದರೆ ಬೇಸ್ ಒಂದು ಸ್ಥಾಯಿ ಮೇಲೆ ಬಂದು ಸ್ಪಷ್ಟವಾಗಿ ಕಿವಿಗೆ ಬೀಳುತ್ತೆ.

ಬೇಸ್ ಯಾಕೆ ಅಷ್ಟು ಮುಖ್ಯ? ಗಾಯಕ ‘ಸಿ’ ಸ್ವರ ಹಿಡಿದು ನಿಂತ ಅನ್ನಿ. ಆ ಒಂದೇ ಸ್ವರ ಸಿ ಮೇಜರಿನಲ್ಲೂ ಇದೆ, ಎಫ್ ಮೇಜರಿನಲ್ಲೂ ಇದೆ, ಎ ಮೈನರಿನಲ್ಲೂ ಇದೆ. ಮೂರರಲ್ಲಿ ಯಾವುದು? ರಾಗಕ್ಕೆ ಮೂರೂ ಒಪ್ಪುತ್ತೆ, ಭಾವ ಮಾತ್ರ ಮೂರು ಥರ. ತೀರ್ಪು ಕೊಡೋದು ಬಹುತೇಕ ಬೇಸಿನವನೇ. ಅವನು ನಿಂತ ಸ್ವರವನ್ನೇ ಷಡ್ಜ ಅಂದುಕೊಂಡು ಗಾಂಧಾರ ಹುಡುಕಿ. ಅಂತರ ಗಾಂಧಾರ ಕೇಳಿಸಿದರೆ ಮೇಜರ್, ಸಾಧಾರಣ ಗಾಂಧಾರವಾದರೆ ಮೈನರ್.

ಹಳೇ ರೆಕಾರ್ಡುಗಳಲ್ಲಿ ಇನ್ನೊಂದು ತರಲೆ ಇದೆ. ಟೇಪಿನ ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತೆ. ಮೂರರಷ್ಟು ಹೆಚ್ಚಾದರೆ? ಹಾಡು ಎರಡು ಮನೆಗಳ ಮಧ್ಯದ ಗೋಡೆ ಮೇಲೆ ಕೂರುತ್ತೆ! ಕೀಬೋರ್ಡಿನ ಯಾವ ಮನೆ ಒತ್ತಿದರೂ ಅಪಸ್ವರ. ಆಗ ಹಾಡಿಗೆ ತಕ್ಕಂತೆ ಗಿಟಾರಿನ ತಂತಿಯನ್ನೇ ಸಡಿಲಿಸಿ ಕೂರಬೇಕು.

1974ರ ‘ಎರಡು ಕನಸು’ ಚಿತ್ರಕ್ಕೆ ರಾಜನ್-ನಾಗೇಂದ್ರ ಕೊಟ್ಟ ಹಾಡುಗಳಿಂದ ಅಣ್ಣ ನನಗೆ ಅಭ್ಯಾಸ ಶುರು ಮಾಡಿಸಿದರು. ಶಂಕರ್‌ನಾಗ್ ಅವರ ‘ಗೀತಾ’ (1981) ಹತ್ತಿರ ಬಂದಾಗ ನನ್ನ ಗರ್ವ ಇಳೀತು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ನುಡಿಸುತ್ತಾ ಪಳಗಿದ ಇಳಯರಾಜಾ ಅವರ ಸಂಗೀತ ಅದು. ಅವರ ಬೇಸ್ ಒಂದು ಕಡೆ ಕೂರೋದೇ ಇಲ್ಲ, ಕೆಳಗೆ ತನ್ನದೇ ಇನ್ನೊಂದು ಹಾಡು ಹಾಡುತ್ತೆ. ಕೆಲವು ಸಲ ಕಾರ್ಡಿನ ಮೂಲಸ್ವರ ಬಿಟ್ಟು ಗಾಂಧಾರದ ಮೇಲೋ ಪಂಚಮದ ಮೇಲೋ ಇಳಿಯುತ್ತೆ. ಮೊದಲು ಕಲಿತ ಸೂತ್ರ ಅಲ್ಲಿ ಸಾಲದು. ಈಗ ಕಾರ್ಡ್ ತೋರಿಸೋ ಆ್ಯಪ್‌ಗಳು ಬಂದಿವೆ. ಸಾದಾ ಹಾಡಿಗೆ ಸರಿ, ಇಂಥ ಕಡೆ ಅವೂ ತಬ್ಬಿಬ್ಬಾಗುತ್ತವೆ.

ಇಷ್ಟೆಲ್ಲ ಕಷ್ಟ ಯಾಕಪ್ಪಾ, ಟ್ರ್ಯಾಕ್ ಹಾಕಿದರೆ ಆಯ್ತಲ್ಲ ಅಂತೀರಾ? ಹಾಗೇ ಆಗಿದೆ. ನಮ್ಮದು ಏಳು ಜನರ ತಂಡ. ಎರಡು ವರ್ಷದ ಹಿಂದೆ ಅಜ್ಜಂಪುರ ಕಡೆಯ ಒಂದು ಹಳ್ಳಿಯ ಗಣಪತಿಗೆ ಕರೆದವರು ‘ಪೆನ್‌ಡ್ರೈವ್ ಇದೆ, ಇಬ್ಬರು ಬಂದರೆ ಸಾಕು’ ಅಂದರು. ಅಣ್ಣ ಮತ್ತು ನಾನು ಹೋದೆವು. ಉಳಿದ ಐವರ ಮನೆಗೆ ಆ ರಾತ್ರಿಯ ಕೂಲಿ ಇಲ್ಲ. ಡ್ರಮ್ಸ್ ಬಾರಿಸುತ್ತಿದ್ದವನು ಈಗ ಲಗೇಜ್ ಆಟೋ ಓಡಿಸುತ್ತಾನೆ.

ಅವತ್ತು ಊರಿನ ಹುಡುಗನೊಬ್ಬ ಅಣ್ಣಾವ್ರ ಹಾಡು ಹಾಡ್ತೀನಿ ಅಂತ ವೇದಿಕೆ ಹತ್ತಿದ. ಟ್ರ್ಯಾಕ್ ಹಾಕಿದರು. ಚರಣದಲ್ಲಿ ಮೇಲೆ ಹೋಗಬೇಕಾದಾಗ ಅವನ ಗಂಟಲು ಕೈಕೊಟ್ಟಿತು. ಜನ ಶಿಳ್ಳೆ ಹೊಡೆದು ನಕ್ಕರು. ಹುಡುಗ ಮೈಕ್ ಇಟ್ಟು ಇಳಿಯೋದರಲ್ಲಿದ್ದ. ಅಣ್ಣ ಟ್ರ್ಯಾಕ್ ನಿಲ್ಲಿಸೋಕೆ ಕೈಸನ್ನೆ ಮಾಡಿದರು.

‘ಇಳೀಬೇಡ ಮಗಾ. ನಿಂಗೆ ಹೆಂಗ್ ಬರುತ್ತೋ ಹಂಗೇ ಶುರು ಮಾಡು.’

ಅವನು ಅರ್ಧ ಸಾಲು ಹಾಡುವಷ್ಟರಲ್ಲಿ ಅಣ್ಣ ನನ್ನ ಕಡೆ ಎರಡು ಬೆರಳು ಕೆಳಗೆ ಮಾಡಿ ತೋರಿಸಿದರು. ಡಿಯಲ್ಲಿದ್ದ ಹಾಡು ಸಿಗೆ ಇಳೀತು. ಕಾರ್ಡುಗಳ ಸಂಬಂಧ ಗೊತ್ತಿದ್ದ ಮೇಲೆ ಮನೆ ಬದಲಿಸೋದು ಎಷ್ಟು ಹೊತ್ತು! ಹುಡುಗ ಕೊನೇ ಸಾಲಿನವರೆಗೂ ಹಾಡಿದ. ಮೊದಲು ಶಿಳ್ಳೆ ಹೊಡೆದವರೇ ಮತ್ತೆ ಹೊಡೆದರು. ಈ ಸಲದ ಶಿಳ್ಳೆಯೇ ಬೇರೆ!

ಬರುವ ವರ್ಷ ಅವರು ಏಳು ಜನರನ್ನು ಕರೀತಾರೋ, ಪೆನ್‌ಡ್ರೈವನ್ನೇ ಕರೀತಾರೋ, ಆ ಗಣಪನೇ ಬಲ್ಲ. ನೀವು ಮಾತ್ರ ಒಂದು ಕೆಲಸ ಮಾಡಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಇಯರ್‌ಫೋನ್ ಹಾಕಿಕೊಂಡು ನಿಮ್ಮ ಮೆಚ್ಚಿನ ಹಾಡು ಹಚ್ಚಿ. ನಾಯಕನನ್ನೂ ಗಾಯಕನನ್ನೂ ನಾಲ್ಕು ನಿಮಿಷ ಮರೆತು, ಕೆಳಗೆ ಕೇಳಿ. ಅಲ್ಲೊಬ್ಬ ಹೆಸರಿಲ್ಲದವನು ಎಷ್ಟೋ ವರ್ಷದಿಂದ ನುಡಿಸುತ್ತಲೇ ಇದ್ದಾನೆ.