ಗಾಳಿಪಟದ ಚೆಕ್ಕು

ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕ್ ಸೇರಿದ ನನಗೆ ಇಂಗ್ಲಿಷ್ ಬರುತ್ತದೆಂಬ ಧೈರ್ಯವಿತ್ತು. ಆ ಧೈರ್ಯ ಇಳಿದದ್ದು 1985ರ ಸಂಕ್ರಾಂತಿಯ ಹೊತ್ತಿಗೆ, ಮುಂಬಯಿಯ ಕಾಲಬಾದೇವಿಯಲ್ಲಿ. ಆಗ ನಾನಿನ್ನೂ ಪ್ರೊಬೇಶನರಿ ಅಧಿಕಾರಿ. ನೌಕರಿ ಕಾಯಂ ಆಗಲು ಎರಡು ತಿಂಗಳಿತ್ತು.

ಮ್ಯಾನೇಜರರು ಹೊರಗೆ ಹೋಗುವ ಮುನ್ನ ಒಬ್ಬ ಬಟ್ಟೆ ವ್ಯಾಪಾರಿಯ ಹೆಸರು ಹೇಳಿ, 'ಹೀ ಈಸ್ ಫ್ಲೈಯಿಂಗ್ ಕೈಟ್ಸ್, ಬೀ ಕೇರ್‌ಫುಲ್' ಎಂದರು. ಊರ ತುಂಬ ಗಾಳಿಪಟದ ದಿನಗಳು. ಸೇಠ್‌ಜಿ ಹಬ್ಬದ ಗುಂಗಿನಲ್ಲಿದ್ದಾರೆ, ಚೆಕ್ಕಿನಲ್ಲಿ ಏನಾದರೂ ತಪ್ಪು ಬರೆದಾರು, ನೋಡಿಕೊಳ್ಳಿ ಎಂದಿರಬೇಕು ಅಂದುಕೊಂಡೆ.

ಮಧ್ಯಾಹ್ನ ಸೇಠ್‌ಜಿ ಸೂರತ್ತಿನ ಬ್ಯಾಂಕೊಂದರ 40,000 ರೂಪಾಯಿಯ ಚೆಕ್ ತಂದರು. ಅದನ್ನು ಖರೀದಿಸಿ ಕೂಡಲೇ ಹಣ ಕೊಡಬೇಕೆಂಬ ಕೋರಿಕೆ. ತಾರೀಖು, ಸಹಿ, ಮೊತ್ತ ಎಲ್ಲ ಎರಡೆರಡು ಸಲ ನೋಡಿದೆ; ಸರಿಯಿತ್ತು. ನಗುತ್ತ, 'ಪತಂಗ್ ಕೈಸೀ ಉಡ್ ರಹೀ ಹೈ?' ಎಂದೆ. ಅವರ ಮುಖ ಬಿಳಿಚಿತು. ನನಗೇನೂ ಹೊಳೆಯಲಿಲ್ಲ. ವೋಚರಿಗೆ ಸಹಿ ಹಾಕಿದೆ.

ಅದನ್ನು ತಡೆದವರು ಉಡುಪಿ ಕಡೆಯ ಹಿರಿಯ ಅಕೌಂಟೆಂಟರು. 'ಎಂಥ ಮಾರಾಯ್ರೆ, ಮ್ಯಾನೇಜರು ಹೇಳ್ಲಿಲ್ವಾ?'

'ಹೇಳಿದ್ರರಿ ಸರ, ಗಾಳಿಪಟ ಹಾರಸ್ತಾರಂತ.'

ಅವರು ನಗಲಿಲ್ಲ. ಕಾಗದ ಎಳೆದುಕೊಂಡು ಬಿಡಿಸಿ ಹೇಳಿದರು. ಸೂರತ್ತಿನ ಆ ಖಾತೆಯೂ ಇವರ ಕೈಯೊಳಗಿನದೇ, ಅದರಲ್ಲಿ ಹಣವಿಲ್ಲ. ನಮ್ಮ ಚೆಕ್ ಅಂಚೆಯಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಇನ್ನೊಂದು ಚೆಕ್ ಹಾಕಿ ಅಲ್ಲಿ ತುಂಬುತ್ತಾರೆ. ಅದು ತೀರಿಸಲು ಮತ್ತೆ ಇಲ್ಲೊಂದು. ನಡುವೆ ಸರಕಿಲ್ಲ, ವ್ಯಾಪಾರವಿಲ್ಲ. ದಾರ ಹರಿದ ದಿನ ನಷ್ಟ ಬ್ಯಾಂಕಿಗೆ.

'ಅಂದ್ರ ಇವನ ಟೋಪಿ ಅವಗ, ಅವನ ಟೋಪಿ ಇವಗ!' ಎಂದೆ.

'ಹಾಂ, ಈಗ ಸಿಕ್ಕಿತು ನಿಮಗೆ. ಟೋಪಿ ನಿಮ್ಮ ತಲೆಗೇ ಬರ್ತಿತ್ತು.'

ವೋಚರು ರದ್ದಾಯಿತು, ನನ್ನ ನೌಕರಿ ಉಳಿಯಿತು. ಅಂದಿನಿಂದ ಅರ್ಥವಾಗದ ಮಾತಿಗೆ ತಲೆದೂಗುವುದನ್ನು ಬಿಟ್ಟೆ. 'ಸರ್, ಹೀಗೆ ಅಂತ ತಾನೇ?' ಎಂದು ಸಾದಾ ಮಾತಿನಲ್ಲಿ ಅವರಿಗೇ ತಿರುಗಿ ಹೇಳುತ್ತಿದ್ದೆ. ಕೆಲವರು ನಕ್ಕರು, ನಗಲಿ ಬಿಡಿ.

ಮುಂದೆ ನಾನೇ ಮ್ಯಾನೇಜರನಾದಾಗ ಹುಡುಗರಿಗೆ ಗಾಳಿಪಟದ ಮಾತು ಹೇಳಲಿಲ್ಲ. 'ಹಣ ಬರುವ ತನಕ ಈ ಖಾತೆಗೆ ಕೊಡಬೇಡಿ' ಎಂದು ಚೀಟಿ ಬರೆದಿಡುತ್ತಿದ್ದೆ. 2013ರಲ್ಲಿ ಮುಂಬಯಿಗೂ ಚೆಕ್ಕಿನ ಚಿತ್ರ ಕಳಿಸುವ ಪದ್ಧತಿ ಬಂತು. ಅಂಚೆಯ ಆ ದಿನಗಳು ಹೋದವು. ತಿಳಿಯದೆ ತಲೆದೂಗುವ ಹೊಸ ಹುಡುಗರು ಮಾತ್ರ ಈಗಲೂ ಇದ್ದಾರು.