ದಾಕ್ಷಿಣ್ಯ ಬಿಟ್ಟು ಹೇಳಬೇಕಾದ ಮಾತು

ಮನೆಯೆಂದ ಮೇಲೆ ಸಣ್ಣಪುಟ್ಟ ಕೆಲಸಗಳು ತಪ್ಪಿದ್ದಲ್ಲ. ಗೋಡೆಗೆ ಗೂಟ ಕೂಡಿಸುವುದು, ಕಪಾಟಿಗೆ ಹಲಗೆ ಜೋಡಿಸುವುದು, ತುಕ್ಕು ಹಿಡಿದ ಗೇಟನ್ನು ಉಜ್ಜಿ ಬಣ್ಣ ಬಳಿಯುವುದು ಮುಂತಾದವುಗಳಿಗೆ ಪ್ರತಿಸಲವೂ ಬಡಿಗರ ದಾರಿ ಕಾಯದೆ, ಕೈಯಾರೆ ಮಾಡಿಕೊಳ್ಳುವ ಹವ್ಯಾಸ ಅನೇಕ ಕುಟುಂಬಗಳಲ್ಲಿ ಬೆಳೆದಿದೆ. ಅದಕ್ಕೆ ನೆರವಾದದ್ದು ವಿದ್ಯುತ್ತಿನಿಂದ ನಡೆಯುವ ಕೈಯಂತ್ರಗಳು. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಸಂಸ್ಥೆಯವರು 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ನಿರ್ಮಿಸಿದರು. ಪಿಸ್ತೂಲಿನಂಥ ಹಿಡಿಯೂ ಬೆರಳಿನಿಂದ ಒತ್ತುವ ಸ್ವಿಚ್ಚೂ ಇರುವ ಮಾದರಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆ 1917ರಲ್ಲಿ ಪೇಟೆಂಟ್ ಪಡೆಯಿತು. ಅಂದು ಕಾರ್ಖಾನೆಯ ಸೊತ್ತಾಗಿದ್ದ ವಸ್ತು ಇಂದು ನಮ್ಮ ನಿಮ್ಮ ಮನೆಗಳ ಅಟ್ಟ ಸೇರಿದೆ.

ನಮ್ಮ ಓಣಿಯ ಐದಾರು ಮನೆಗಳಲ್ಲಿ ಇಂಥ ಯಂತ್ರಗಳಿವೆ. ಒಬ್ಬರದನ್ನು ಇನ್ನೊಬ್ಬರು ಎರವಲು ಪಡೆಯುವುದುಂಟು. ಹೊಸದಾಗಿ ಕೊಳ್ಳಬೇಕೆನ್ನುವವರು ಮೊದಲು ನೆರೆಯವರನ್ನೇ ಕೇಳುತ್ತಾರೆ: "ಅಣ್ಣಾರ, ನೀವು ತಂದದ್ದು ಹೆಂಗೈತ್ರಿ?" ಉತ್ತರವೂ ಸಿದ್ಧವಾಗಿರುತ್ತದೆ: "ಚಲೋ ಐತ್ರಿ, ತಗೊಳ್ರಿ." ಈ ಉತ್ತರದಲ್ಲಿ ಸೌಜನ್ಯವಿದೆ, ಸ್ನೇಹವಿದೆ, ಆದರೆ ಕೇಳಿದವರಿಗೆ ಬೇಕಾದ ತಿಳಿವಳಿಕೆ ಮಾತ್ರ ಇಲ್ಲ.

ಒಮ್ಮೆ ಒಂದೇ ಮಾದರಿಯ ಇಂಪ್ಯಾಕ್ಟ್ ಡ್ರಿಲ್ಲನ್ನು ಎರಡು ಮನೆಯವರು ಕೊಂಡಿದ್ದರು. ಒಬ್ಬರು ಅದನ್ನು ಹೊಗಳಿದರು, ಇನ್ನೊಬ್ಬರು ಹಣ ನೀರುಪಾಲಾಯಿತೆಂದರು. ನಾವು ಇಬ್ಬರನ್ನೂ ಕೂಡಿಸಿ ವಿಚಾರಿಸಿದಾಗ ಒಬ್ಬರು ಇಟ್ಟಿಗೆಯ ಗೋಡೆಯನ್ನು ಕೊರೆದಿದ್ದರು, ಇನ್ನೊಬ್ಬರು ಕಾಂಕ್ರೀಟ್ ತೊಲೆಯನ್ನು ಕೊರೆಯಹೊರಟಿದ್ದರು. ಈ ಬಗೆಯ ಡ್ರಿಲ್ಲಿನಲ್ಲಿ ಹಲ್ಲುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಹಗುರವಾದ ಪೆಟ್ಟುಗಳನ್ನು ಬಹುವೇಗದಿಂದ ಕೊಡುತ್ತವೆ. ಇಟ್ಟಿಗೆಗೆ ಅಷ್ಟು ಸಾಕು. ಕಾಂಕ್ರೀಟಿಗೆ ಬೇಕಾದದ್ದು ರೋಟರಿ ಹ್ಯಾಮರ್. ಅದರೊಳಗಿನ ಪಿಸ್ಟನ್ ಗಾಳಿಯನ್ನು ಒತ್ತಿ ಭಾರವಾದ ಪೆಟ್ಟು ಕೊಡುತ್ತದೆ. ಇಬ್ಬರೂ ಸುಳ್ಳಾಡಿರಲಿಲ್ಲ, ಇಬ್ಬರೂ ಅರ್ಧ ನಿಜವನ್ನೇ ಹೇಳಿದ್ದರು. ಯಾವ ಗೋಡೆ, ಎಷ್ಟು ದಪ್ಪದ ಬಿಟ್, ಎಷ್ಟು ದಿನಗಳ ಬಳಕೆ ಎಂಬುದನ್ನು ಸೇರಿಸದ ಹೊಗಳಿಕೆಯೂ ತೆಗಳಿಕೆಯೂ ಕೇಳಿದವರ ದಾರಿ ತಪ್ಪಿಸುತ್ತವೆ. ಮರಕ್ಕೆಂದು ಮಾಡಿದ ಬಿಟ್ಟಿನಿಂದ ಗೋಡೆ ಕೊರೆದು ಯಂತ್ರವನ್ನು ಜರೆದರೆ, ಕುಣಿಯಲಾರದವಳು ನೆಲ ಡೊಂಕೆಂದಂತಾದೀತು.

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳೂ ಎಲ್ಲವನ್ನೂ ಹೇಳುವುದಿಲ್ಲ. ಬ್ಯಾಟರಿಯ ಡ್ರಿಲ್ಲುಗಳಲ್ಲಿ ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 20 ವೋಲ್ಟ್ ಎಂದಿದ್ದರೆ ಎರಡನೆಯದೇ ಬಲವಾದದ್ದೆಂದು ಭಾವಿಸುವವರುಂಟು. ವಾಸ್ತವದಲ್ಲಿ ಸಾಮಾನ್ಯವಾಗಿ ಎರಡರಲ್ಲಿಯೂ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಕೋಶಗಳೇ. ಪೂರ್ಣವಾಗಿ ಚಾರ್ಜ್ ಆದ ಗಳಿಗೆಯಲ್ಲಿ ಅವು ಸುಮಾರು 20 ವೋಲ್ಟ್ ತೋರಿಸಿ, ಬಳಕೆಯಲ್ಲಿ 18ರ ಆಸುಪಾಸಿಗೆ ಇಳಿಯುತ್ತವೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಸ್ಕ್ರೂ ಕೂಡಿಸಬಹುದೆಂಬುದನ್ನು ಬಳಸಿದವರೇ ಹೇಳಬೇಕು.

ಇದು ಬರಿಯ ಹಣದ ಮಾತಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನೆರೆಯವರೊಬ್ಬರು ಬೀಗರ ಅಂಗಡಿಯಿಂದ 4 ಇಂಚಿನ ಆಂಗಲ್ ಗ್ರೈಂಡರ್ ತಂದಿದ್ದರು. ಅದರ ಸ್ವಿಚ್ ಆಗೀಗ ಹಿಂದೆ ಸರಿಯದೆ ಸಿಕ್ಕಿಕೊಳ್ಳುತ್ತಿತ್ತು. ಬೀಗರ ಮನಸ್ಸು ನೊಂದೀತೆಂಬ ದಾಕ್ಷಿಣ್ಯದಿಂದ ಅವರು ಅಂಗಡಿಗೂ ಹೇಳಲಿಲ್ಲ, ಎರವಲು ಕೇಳಿದವರಿಗೂ ಹೇಳಲಿಲ್ಲ. ಪಕ್ಕದ ಮನೆಯ ತರುಣ ಅದನ್ನು ಒಯ್ದು ಕಬ್ಬಿಣದ ಸಲಾಕೆ ಕತ್ತರಿಸಿದ. ಸ್ವಿಚ್ ಆರಿಸಿದೆನೆಂದು ನಂಬಿ ಯಂತ್ರವನ್ನು ಕೆಳಗಿಡುವಾಗ ಚಕ್ರ ಇನ್ನೂ ತಿರುಗುತ್ತಲೇ ಇತ್ತು. ನೆಲಕ್ಕೆ ತಾಗಿದ ಯಂತ್ರ ಪುಟಿದು ಆತನ ಎಡ ಮುಂಗೈಯನ್ನು ಸೀಳಿತು. ಏಳು ಹೊಲಿಗೆ ಬಿದ್ದವು. ಇಂಥ ಗ್ರೈಂಡರಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 100 ಮಿಲಿಮೀಟರ್ ಅಗಲದ ಚಕ್ರದ ಅಂಚಿಗೆ ಆಗ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗ. ಅಂಥ ವಸ್ತುವಿನ ದೋಷವನ್ನು ಮುಚ್ಚಿಡುವ ದಾಕ್ಷಿಣ್ಯ ಯಾರಿಗೆ ಹಿತ?

ಆ ಬಳಿಕ ನಮ್ಮ ಓಣಿಯಲ್ಲಿ ಒಂದು ರೂಢಿ ಬೆಳೆಯಿತು. ಪ್ರತಿ ಯಂತ್ರದ ಪೆಟ್ಟಿಗೆಯಲ್ಲಿ ಒಂದು ಸಣ್ಣ ವಹಿ ಇರುತ್ತದೆ. ಕೊಂಡ ತಿಂಗಳು, ಮಾಡಿದ ಕೆಲಸ, ಕಂಡ ದೋಷ, ಆದ ದುರಸ್ತಿ ಎಲ್ಲವನ್ನೂ ಬಳಸಿದವರು ಅದರಲ್ಲಿ ಬರೆಯುತ್ತಾರೆ. ಮಾರಿದವರು ನೆಂಟರಾಗಿದ್ದರೆ ಅದನ್ನೂ ಕಾಣಿಸುತ್ತಾರೆ. ಹಿರಿಯ ಅಕ್ಕನವರೊಬ್ಬರು ಒಂದು ಡ್ರಿಲ್ಲಿನ ವಹಿಯಲ್ಲಿ, "ಹಿಡಿ ಬಹಳ ದಪ್ಪ, ಸಣ್ಣ ಕೈಯವರಿಗೆ ಸ್ವಿಚ್ ಎಟುಕದು" ಎಂದು ಬರೆದರು. ಅದುವರೆಗೆ ಬರೆದ ಗಂಡಸರಾರಿಗೂ ಹೊಳೆಯದ ಸಂಗತಿ ಅದು! ಯಂತ್ರಕ್ಕೂ ಅನ್ಯಾಯವಾಗಬಾರದೆಂಬ ಎಚ್ಚರ ವಹಿಯಲ್ಲಿದೆ. ಮೋಟಾರಿನ ಕಾರ್ಬನ್ ಬ್ರಷ್ ಸವೆಯುವುದು ಸಹಜ. ಅದನ್ನು ಸವಕಳಿಯೆಂದೇ ಬರೆಯುತ್ತಾರೆ, ದೋಷವೆಂದಲ್ಲ. ಮೊದಲ ದಿನದ ಸಂಭ್ರಮದಲ್ಲಿ ಬರೆದದ್ದನ್ನು ಆರು ತಿಂಗಳ ತರುವಾಯ ಮತ್ತೆ ನೋಡಿ, ಬೇಕಾದರೆ ತಿದ್ದುತ್ತಾರೆ.

ಬೀಗರ ಮುನಿಸಿಗೆ ಅಂಜಿದ್ದ ಆ ನೆರೆಯವರು ಕೊನೆಗೆ ಅಂಗಡಿಗೆ ಹೋಗಿ ನಡೆದುದನ್ನು ತಿಳಿಸಿದರು. ಬೀಗರು ಮುನಿಯಲಿಲ್ಲ, ಸ್ವಿಚ್ ಬದಲಿಸಿ ಕೊಟ್ಟು, "ಮೊದಲ ಹೇಳಬಾರದಿತ್ತೇನ್ರಿ?" ಎಂದು ಕೇಳಿದರಂತೆ.

ಬಂಧುಗಳೇ, ನಿಮ್ಮಲ್ಲಿಯೂ ಇಂಥ ಯಂತ್ರಗಳಿರಬಹುದು, ಕೇಳುವ ನೆರೆಯವರೂ ಇರಬಹುದು. ಅವರು ಕೇಳಿದಾಗ ಒಳ್ಳೆಯದನ್ನು ಅಳೆದು ಹೇಳಿರಿ, ಕೆಟ್ಟದ್ದನ್ನು ಕಂಡಷ್ಟೇ ಹೇಳಿರಿ. ಅಪಾಯವಿದ್ದರೆ ಮಾತ್ರ ಅವರು ಕೇಳುವವರೆಗೂ ಕಾಯಬೇಡಿರಿ.